ಅತ್ತೆಗೊಂದು ಕಾಗದ, ಸೊಸೆಗೊಂದು ಕಾಗದ

ಫೆಬ್ರವರಿ ೯

ಪ್ರೀತಿಯ ಸೊಸೆಗೆ,

ನಿನ್ನೆ ನಿನ್ನ ಗಂಡನಿಂದ ಕಾಗದ ಬಂತು. ಒಟ್ಟು ಮೂರೇ ಸಾಲು. "ಅವಳು ಪುಟ್ಟಿಯನ್ನು ಕರೆದುಕೊಂಡು ತನ್ನ ಕನ್ನಡಕದ ಅಂಗಡಿಯ ಮೇಲಿನ ಮನೆಗೆ ಹೋಗಿದ್ದಾಳೆ. ಡೈವೋರ್ಸಿಗೆ ವಕೀಲರನ್ನು ನೋಡಿದ್ದಾಳಂತೆ. ನೀನು ತಲೆ ಕೆಡಿಸಿಕೊಳ್ಳಬೇಡ." ಸರ್ವೇಯರ್ ಅಲ್ಲವೇ, ಮಾತನ್ನೂ ಜಮೀನಿನ ಹಾಗೆ ಅಳೆದೇ ಕೊಡುತ್ತಾನೆ. ತಲೆ ಕೆಡಿಸಿಕೊಳ್ಳಬೇಡ ಎಂದ ಮೇಲೆ ಕೆಡದೆ ಇರುತ್ತದೆಯೇ? ನಿನ್ನೆಯಿಂದ ಕೆಟ್ಟೇ ಇದೆ.

ಫೋನು ಮಾಡೋಣವೆಂದರೆ ನನ್ನ ಕಿವಿಯ ಸಂಗತಿ ನಿನಗೆ ಗೊತ್ತು. ಹೋದ ಸಲ ನೀನು "ಪುಟ್ಟಿಗೆ ಜ್ವರ" ಎಂದದ್ದು ನನಗೆ "ಪುಟ್ಟಿಗೆ ವರ" ಎಂದು ಕೇಳಿಸಿ, ಒಂಬತ್ತು ವರ್ಷದ ಹುಡುಗಿಗೆ ಯಾವ ವರನೇ ಎಂದು ಕೂಗಾಡಿದ್ದೆ. ಅದಕ್ಕೇ ಈ ಕಾಗದ.

ನಾನು ಈಗಲೂ ವಾರಕ್ಕೆ ಮೂರು ದಿನ ಗ್ರಂಥಾಲಯದ ನೆಲಮಾಳಿಗೆಗೆ ಹೋಗಿ ಹರಿದ ಪುಸ್ತಕ ಹೊಲಿಯುತ್ತೇನೆ. ವಯಸ್ಸು ಅರವತ್ತೆಂಟಾಯಿತು, ಸೂಜಿ ಮಾತ್ರ ಬಿಟ್ಟಿಲ್ಲ. ಇವತ್ತು ನನ್ನ ಮುಂದೆ ಇದ್ದದ್ದು ಬೆನ್ನು ಕಿತ್ತುಹೋದ ಒಂದು ಕಾನೂನು ಪುಸ್ತಕ. ಹೊಲಿಗೆ ಬಿಚ್ಚಿ ಹಾಳೆ ಜೋಡಿಸುವಾಗ ಒಂದು ತಲೆಬರಹ ಕಣ್ಣಿಗೆ ಬಿತ್ತು. "ನ್ಯಾಯಿಕ ಪ್ರತ್ಯೇಕತೆ." ಗಟ್ಟಿಯಾಗಿ ಹೇಳಲು ಹೋದರೆ ನನ್ನ ಹಲ್ಲುಸೆಟ್ಟೇ ಕಳಚೀತು. ಆದರೆ ವಿಷಯ ಸರಳವಾಗಿದೆ. ಗಂಡ ಹೆಂಡತಿ ಬೇರೆ ಬೇರೆ ಇರಬಹುದು, ಕೋರ್ಟೇ ಅಪ್ಪಣೆ ಕೊಡುತ್ತದೆ, ಆದರೆ ಮದುವೆ ಮುರಿಯುವುದಿಲ್ಲ. ಕೋಲೂ ಮುರಿಯದೆ ಹಾವೂ ಸಾಯದೆ, ಎರಡೂ ಅವರವರ ಜಾಗದಲ್ಲಿ ತಣ್ಣಗೆ ಇರುವ ಹಾಗೆ. ಅಂಟು ಒಣಗಿಹೋಗುವವರೆಗೂ ಕೂತು ಓದಿದೆ.

ಏನಾಯಿತೆಂದು ನಾನು ಕೇಳುವುದಿಲ್ಲ. ಅವನು ಕುಡಿಯುವವನಲ್ಲ, ಕೈ ಎತ್ತುವವನಲ್ಲ ಎಂದು ಮಾತ್ರ ಬಲ್ಲೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನೂ ನಿನ್ನ ಮುಂದೆ ಹೇಳುವುದಿಲ್ಲ, ಅದನ್ನು ಕಟ್ಟಿದವನು ಗಂಡಸೇ ಇರಬೇಕು. ಒಂದೇ ಕೇಳಿಕೆ. ಪೂರ್ತಿ ಕತ್ತರಿಸುವ ಮೊದಲು ಈ ಬೇರೆ ವಾಸದ ಬಗ್ಗೆ ನಿನ್ನ ವಕೀಲರನ್ನು ಕೇಳಿ ನೋಡು. ಬಾಗಿಲು ಹಾಕು, ಬೇಡ ಅನ್ನುವುದಿಲ್ಲ. ಗೋಡೆ ಕಟ್ಟಬೇಡ.

ಪುಟ್ಟಿಗೆ ಮುತ್ತು.

ನಿನ್ನ ಅತ್ತೆ

*

ಫೆಬ್ರವರಿ ೨೧

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಬೈಯುತ್ತೀರೆಂದು ಹೆದರಿಕೊಂಡೇ ಒಡೆದಿದ್ದೆ.

ನೀವು ಕೇಳದಿದ್ದರೂ ಹೇಳುತ್ತೇನೆ. ಕುಡಿತವಿಲ್ಲ, ಹೊಡೆತವಿಲ್ಲ, ನಿಜ. ಹೋದ ವರ್ಷ ನಡುಮನೆಯ ಕಿಟಕಿಗೆ ನಾನು ಹಸಿರು ಪರದೆ ತಂದೆ. ಅವರಿಗೆ ಬೂದು ಬಣ್ಣದ್ದು ಬೇಕಿತ್ತು. ಬೇಕು ಎಂದು ಹೇಳಲಿಲ್ಲ. ಅವತ್ತಿನಿಂದ ನಲವತ್ತೊಂದು ದಿನ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಒಂದೇ ಮನೆ, ಒಂದೇ ಮೇಜು, ಒಂದೇ ಹಾಸಿಗೆ. ಉಪ್ಪು ಬೇಕಾದರೆ ಪುಟ್ಟಿಗೆ, "ಅಮ್ಮನ್ನ ಕೇಳು." ಅತ್ತೆ, ನಾನು ಕೊನೆಕೊನೆಗೆ ಫ್ರಿಜ್ಜಿನ ಜೊತೆ ಮಾತಾಡುತ್ತಿದ್ದೆ. ಅದಾದರೂ ಗುರ್ ಅನ್ನುತ್ತಿತ್ತು. ನಲವತ್ತೆರಡನೆಯ ಬೆಳಿಗ್ಗೆ ಬಂದು "ಚಹಾ ಇದೆಯಾ?" ಎಂದರು, ಏನೂ ಆಗದವರ ಹಾಗೆ. ಸಂತೋಷಕ್ಕೆ ಆ ಚಹಾಗೆ ಎರಡು ಏಲಕ್ಕಿ ಜಜ್ಜಿ ಹಾಕಿದೆ. ಅದನ್ನು ಕಂಡು ನನಗೇ ನಾಚಿಕೆಯಾಯಿತು. ಹನ್ನೊಂದು ವರ್ಷದಲ್ಲಿ ಇಂಥವು ಎಷ್ಟೋ. ಅತಿ ಉದ್ದದ್ದನ್ನು ಮಾತ್ರ ಬರೆದಿದ್ದೇನೆ.

ನಿಮ್ಮ ಮಾತಿನಂತೆ ವಕೀಲರನ್ನು ಕೇಳಿದೆ. ನನ್ನ ವಯಸ್ಸಿನ ಹೆಂಗಸೇ. ಕಣ್ಣು ತೋರಿಸಲು ಅಂಗಡಿಗೆ ಬಂದಾಗ ಪರಿಚಯವಾದವರು.

"ಡೈವೋರ್ಸ್ ಅಂದ್ರೆ ಮದುವೆ ಮುಗೀತು," ಎಂದರು. "ಇದರಲ್ಲಿ ಮದುವೆ ಇರುತ್ತೆ, ಒಟ್ಟಿಗೆ ಬಾಳಲೇಬೇಕು ಅನ್ನೋ ಕಟ್ಟು ಇರಲ್ಲ. ಅವರು ನಿಮ್ಮ ಬಾಗಿಲಿಗೆ ಬಂದು ನಡಿ ಮನೆಗೆ ಅನ್ನೋ ಹಾಗಿಲ್ಲ. ಇಬ್ಬರೂ ಬೇರೆ ಮದುವೆ ಆಗೋ ಹಾಗಿಲ್ಲ. ಮಗು ಯಾರ ಹತ್ತಿರ, ಯಾವಾಗ ಯಾರು ನೋಡಬೇಕು, ಎಲ್ಲ ಬರೆಸಬಹುದು. ಮನಸ್ಸು ಕೂಡಿದ್ರೆ ಆದೇಶ ರದ್ದು ಮಾಡಿಸಿಕೊಂಡು ಮತ್ತೆ ಒಂದಾಗಬಹುದು. ಕೂಡದಿದ್ರೆ ಮುಂದೆ ಡೈವೋರ್ಸಿಗೆ ದಾರಿ ಇದ್ದೇ ಇದೆ."

"ಅಂದ್ರೆ ಅರ್ಧ ಡೈವೋರ್ಸಾ?" ಎಂದೆ.

"ಎಲ್ಲರೂ ಹಾಗೇ ಅಂದ್ಕೋತಾರೆ. ಅಲ್ಲ. ಏನನ್ನೋ ಉಳಿಸಿಕೊಳ್ಳೋದು ಇರೋರಿಗೆ ಇದು. ನೀವು ಏನನ್ನ ಉಳಿಸಿಕೊಳ್ತಿದ್ದೀರಿ, ಅದನ್ನ ಮೊದಲು ಹೇಳಿ."

ಏನೋ ಒಂದು ಹೇಳಿದೆ. ಬೇರೆ ವಾಸಕ್ಕೇ ಅರ್ಜಿ ಹಾಕಲು ಒಪ್ಪಿ ಬಂದೆ.

ಒಂದು ಪ್ರಶ್ನೆ ಕೇಳಬಹುದೇ? ಅವರ ಈ ಮೌನ ನಿಮಗೆ ಗೊತ್ತಿತ್ತೇ?

ನಿಮ್ಮ ಸೊಸೆ

*

ಮಾರ್ಚ್ ೫

ಪ್ರೀತಿಯ ಸೊಸೆಗೆ,

ನೀನು ಒಪ್ಪಿದ್ದು ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ನಿನ್ನ ವಕೀಲೆ ಬುದ್ಧಿವಂತೆ. ಅವರ ಕನ್ನಡಕದ ನಂಬರು ಸರಿಯಾಗಿ ನೋಡು.

ನಮ್ಮ ಮನೆಯಲ್ಲಿ ಗಂಡಸರು ಮೊದಲಿನಿಂದಲೂ ಮಾತು ಕಡಿಮೆ. ಅವನ ಅಪ್ಪನೂ ಹಾಗೇ. ದೂರದ ಬಂದರಿನಲ್ಲಿ ಕ್ರೇನು ನಡೆಸುವ ಕೆಲಸ, ಅಷ್ಟು ಎತ್ತರದಲ್ಲಿ ಕೂತವರು ಯಾರ ಜೊತೆ ಮಾತಾಡಬೇಕು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ.

ಈ ಸಲ ಅಂಟು ಸರಿಯಾಗಿ ಬಂದಿಲ್ಲ, ಬೇಗ ಗಟ್ಟಿಯಾಗುತ್ತಿದೆ. ಕಾನೂನು ಪುಸ್ತಕ ಮುಗಿಸಿ ಮೇಲಕ್ಕೆ ಕಳಿಸಿದೆ. ನೀಲಿ ರಟ್ಟು ಹಾಕಿದ್ದೇನೆ, ಚೆನ್ನಾಗಿ ಕಾಣುತ್ತದೆ. ಪುಟ್ಟಿಗೆ ಉಳಿದ ನೀಲಿ ಬಟ್ಟೆಯಿಂದ ಒಂದು ಡೈರಿ ಹೊಲಿದಿದ್ದೇನೆ.

ನಿನ್ನ ಅತ್ತೆ

*

ಜೂನ್ ೧೭

ಅತ್ತೆಯವರಿಗೆ,

ಆದೇಶ ಬಂದು ಮೂರು ವಾರವಾಯಿತು. ಕೂಡಲೇ ಬರೆಯಬೇಕಿತ್ತು. ಏನೆಂದು ಬರೆಯುವುದೋ ತಿಳಿಯದೆ ಸುಮ್ಮನಿದ್ದೆ.

ಕೋರ್ಟು ನಾನಂದುಕೊಂಡಂತೆ ಇರಲಿಲ್ಲ. ತಾಲ್ಲೂಕು ಶಾಲೆಯ ಸ್ಟಾಫ್ ರೂಮಿನಂತೆ, ಫೈಲು, ಫ್ಯಾನು, ಒಂದು ಮುರಿದ ಕುರ್ಚಿ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ವಿರೋಧಿಸಲಿಲ್ಲ. ನ್ಯಾಯಾಧೀಶರು "ನಿಮಗೆ ಹೇಳೋದೇನಾದ್ರೂ ಇದೆಯಾ?" ಎಂದು ಕೇಳಿದಾಗ "ಅವಳಿಗೆ ಸ್ವಲ್ಪ ಸಮಯ ಬೇಕು ಅಷ್ಟೆ" ಎಂದರು. ಜ್ವರ ಬಂದವಳ ಬಗ್ಗೆ ಡಾಕ್ಟರಿಗೆ ಹೇಳುವ ದನಿಯಲ್ಲಿ.

ಪುಟ್ಟಿಯನ್ನು ನೋಡಲು ಭಾನುವಾರ ಬರಬಹುದು ಎಂದು ಬರೆಸಿದ್ದೇವೆ. ಬರುತ್ತಾರೆ. ಆಶ್ಚರ್ಯವೆಂದರೆ ಮಾತಾಡುತ್ತಾರೆ! ಮೊದಲ ಭಾನುವಾರ ಪುಟ್ಟಿಗೆ ಹೆಜ್ಜೆಯಲ್ಲೇ ಬೀದಿ ಅಳೆಯುವುದನ್ನು ಕಲಿಸಿದರು. ನಮ್ಮ ಬೀದಿ ಇನ್ನೂರ ಹನ್ನೆರಡು ಹೆಜ್ಜೆ. ಹೋದ ವಾರ ನನ್ನ ಅಡುಗೆಮನೆಯ ಸೋರುವ ನಲ್ಲಿ ಸರಿ ಮಾಡಿದರು. ಹೋಗುವಾಗ "ನಿನ್ನ ಅಂಗಡಿ ಬೋರ್ಡು ವಾಲಿದೆ, ಮುಂದಿನ ವಾರ ಸರಿ ಮಾಡ್ತೀನಿ" ಎಂದರು. ಹನ್ನೊಂದು ವರ್ಷದಲ್ಲಿ ಅವರು ಮುಂದಿನ ವಾರದ ಬಗ್ಗೆ ನನ್ನ ಬಳಿ ಮಾತಾಡಿದ ನೆನಪಿಲ್ಲ.

ಬಚ್ಚಲಿನಲ್ಲಿ ಅವರ ಶೇವಿಂಗ್ ಪೆಟ್ಟಿಗೆ ಇದೆ. ಮರೆತು ಹೋದರೋ ಬಿಟ್ಟು ಹೋದರೋ ನಾನು ಕೇಳಲಿಲ್ಲ. ಪುಟ್ಟಿ ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಅದು ಅಲ್ಲೇ ಇದೆಯೇ ಎಂದು ನೋಡುತ್ತಾಳೆ.

ಪಕ್ಕದ ಬೇಕರಿಯಾಕೆ "ನೀವು ಒಬ್ಬರೇನಾ?" ಎಂದು ಕೇಳಿದರು. ವಿಧವೆಯಲ್ಲ, ಡೈವೋರ್ಸ್ ಆದವಳಲ್ಲ, ಗಂಡನ ಜೊತೆಗೂ ಇಲ್ಲ. "ಬೇರೆ ಇದ್ದೀವಿ" ಎಂದೆ. "ಹೌದಾ, ಅವರು ಯಾವ ಊರಲ್ಲಿ ಕೆಲಸದಲ್ಲಿದ್ದಾರೆ?" ಎಂದರು!

ಅಂಗಡಿಗೆ ಬಂದವರ ಕಣ್ಣ ಮುಂದೆ ಒಂದೊಂದೇ ಗಾಜು ಇಟ್ಟು "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ದಿನವಿಡೀ ಕೇಳುತ್ತೇನೆ. ನನ್ನನ್ನು ಯಾರಾದರೂ ಕೇಳಿದರೆ ಈಗ ಉತ್ತರ ಗೊತ್ತಿಲ್ಲ. ಆದರೆ ಕೆಟ್ಟದಾಗಿಲ್ಲ ಅತ್ತೆ. ಬಹುಶಃ ನೀವೇ ಸರಿ.

ನಿಮ್ಮ ಸೊಸೆ

*

ಜೂನ್ ೨೮

ನನ್ನ ಚಿನ್ನ,

ನಿನ್ನ ಕಾಗದ ಓದಿ ನೆಲಮಾಳಿಗೆಯಲ್ಲಿ ಒಬ್ಬಳೇ ನಕ್ಕೆ. ಗ್ರಂಥಪಾಲಕರು ಇಣುಕಿ ನೋಡಿ ಹೋದರು. ನಾನು ಹೇಳಿರಲಿಲ್ಲವೇ? ಬೋರ್ಡು ಸರಿ ಮಾಡುವವನು ಮನೆಯನ್ನೂ ಸರಿ ಮಾಡುತ್ತಾನೆ. ಇನ್ನು ನೀನು ಹಟ ಹಿಡಿಯಬೇಡ, ಅವನೇ ಮೊದಲು ಕೇಳಲಿ ಎಂದು ಕಾಯಬೇಡ. ಕೂಸು ಹುಟ್ಟುವ ಮುನ್ನ ಕುಲಾವಿ ಎನ್ನುತ್ತೀಯೇನೋ, ಎನ್ನು. ಜೋಡಿ ದಿಂಬಿನ ಚೀಲ ಹೊಲಿದು ಪಾರ್ಸೆಲ್ ಕಳಿಸಿದ್ದೇನೆ. ಅಂಚಿಗೆ ನಾನೇ ಹೂ ಹಾಕಿದ್ದೇನೆ. ಕಣ್ಣು ಸರಿಯಿಲ್ಲ, ಅಲ್ಲಲ್ಲಿ ಹೂ ಎಲೆಕೋಸಿನಂತೆ ಕಾಣಬಹುದು.

ವರ್ಷ ತುಂಬುವುದರೊಳಗೆ ಆ ಆದೇಶವನ್ನು ರದ್ದು ಮಾಡಿಸಿ. ಸಿಹಿ ನಾನು ತರುತ್ತೇನೆ.

ನಿನ್ನ ಅತ್ತೆ

*

ಸೆಪ್ಟೆಂಬರ್ ೨೪

ಅತ್ತೆಯವರಿಗೆ,

ದಿಂಬಿನ ಚೀಲಗಳು ಬಂದವು. ಒಂದು ಪುಟ್ಟಿಯ ದಿಂಬಿಗೆ, ಒಂದು ನನ್ನ ದಿಂಬಿಗೆ ಹಾಕಿದ್ದೇನೆ.

ಆಗಸ್ಟ್ ಕೊನೆಯ ಭಾನುವಾರ ಪುಟ್ಟಿ ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿದ್ದಳು. ಹೇಳಿಯೇ ಹೋಗಿದ್ದಳು. "ಅಪ್ಪ, ಈ ವಾರ ಇರಲ್ಲ, ಮುಂದಿನ ವಾರ ಎರಡರಷ್ಟು ಆಡೋಣ." ಅವರು ಬಂದರು, ಹತ್ತು ನಿಮಿಷ ಕೂತರು, ಹೋದರು. ಮುಂದಿನ ಭಾನುವಾರ ಬಂದು ಪೇಪರು ಬಿಡಿಸಿಕೊಂಡು ಕೂತರು. ಮಗು ಅಪ್ಪ ಅಪ್ಪ ಎಂದು ಸುತ್ತಿತು. ತಲೆ ಎತ್ತಲಿಲ್ಲ. ಅದರ ಮುಂದಿನ ವಾರ ಅವಳು ಅವರದೇ ಚಿತ್ರ ಬರೆದು ಪೇಪರಿನ ಮೇಲಿಟ್ಟಳು. ಚಿತ್ರವನ್ನು ಪಕ್ಕಕ್ಕೆ ಸರಿಸಿ ಓದಿದರು. ಮೂರನೆಯ ಭಾನುವಾರ ಅವಳು ಅಡುಗೆಮನೆಗೆ ಬಂದು ಪಿಸುದನಿಯಲ್ಲಿ ಕೇಳಿದಳು, "ಅಮ್ಮ, ಅಪ್ಪನ ಕಿವೀನೂ ಅಜ್ಜಿ ಕಿವಿ ತರ ಆಗ್ಬಿಟ್ಟಿದೆಯಾ?"

ನಾನು ಹೊರಗೆ ಹೋಗಿ ಅವರನ್ನು ಕೇಳಿದೆ. "ಅವಳು ಮಗು. ಏನು ಮಾಡಿದಳು ಅಂತ ಈ ಶಿಕ್ಷೆ?"

"ನಾನೇನು ಬೈದಿದೀನಾ? ಹೊಡೆದಿದೀನಾ?" ಎಂದರು. ಆಮೇಲೆ, "ನಿನ್ನ ಸಿಟ್ಟು ಇಳಿದು ಮನೆಗೆ ಬಂದಮೇಲೆ ಎಲ್ಲ ಸರಿಹೋಗುತ್ತೆ."

ಆಗ ನನಗೆ ತಿಳಿಯಿತು ಅತ್ತೆ. ಬೇರೆ ವಾಸ ಎಂದರೆ ನನಗೆ ಕೊಟ್ಟ ರಜೆ ಎಂದೇ ಅವರು ತಿಳಿದಿದ್ದಾರೆ. ಮಗಳು ಶೇವಿಂಗ್ ಪೆಟ್ಟಿಗೆ ನೋಡಿಕೊಂಡು ಕಾಯುತ್ತಾಳೆ. ನಾನು ಒಂದು ಒಳ್ಳೆಯ ಭಾನುವಾರ ಕಂಡರೆ ಕರಗುತ್ತೇನೆ. ಮೂವರೂ ಬಸ್ಸು ಬರುವುದೋ ಇಲ್ಲವೋ ಗೊತ್ತಿಲ್ಲದ ನಿಲ್ದಾಣದಲ್ಲಿ ಕೂತ ಹಾಗಾಯಿತು. ಕಾನೂನಿನ ತಪ್ಪಲ್ಲ. ನಮಗೆ ಅದು ಹೊಂದಲಿಲ್ಲ, ಅಷ್ಟೆ. ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟು ಕಳಿಸಿದೆ. ಡೈವೋರ್ಸಿಗೆ ಅರ್ಜಿ ಹಾಕುತ್ತಿದ್ದೇನೆ. ಭಾನುವಾರ ಬರಲಿ, ಮಗಳ ಅಪ್ಪನಾಗಿ ಬರಲಿ. ಮಾತಾಡದೆ ಕೂರುವುದಾದರೆ ಬರುವುದು ಬೇಡ ಎಂದು ಬರೆಸುತ್ತೇನೆ.

ಅವತ್ತು ವಕೀಲರು ಏನನ್ನು ಉಳಿಸಿಕೊಳ್ಳುತ್ತಿದ್ದೀರಿ ಎಂದಾಗ ನಾನು ಹೇಳಿದ್ದು "ನಮ್ಮ ಅತ್ತೆಯನ್ನ" ಎಂದು. ಅಮ್ಮ ಇಲ್ಲದವಳಿಗೆ ಬಾಣಂತನ ಮಾಡಿದವರು ನೀವು. ಅದನ್ನು ನಿಮಗೆ ಬರೆಯಲು ಸಂಕೋಚವಾಗಿತ್ತು.

ಆದರೆ ಈಗ ಮತ್ತೆ ಕೇಳುತ್ತೇನೆ. ಮಾರ್ಚಿನಲ್ಲಿ ನೀವು ನನ್ನ ಪ್ರಶ್ನೆಗೆ ಅಂಟಿನ ಕಥೆ ಹೇಳಿದಿರಿ. ನಿಮಗೆ ಗೊತ್ತಿತ್ತೇ?

*

ಅಕ್ಟೋಬರ್ ೧೯

ಅತ್ತೆಯವರಿಗೆ,

ಮೂರು ವಾರ ಕಳೆದರೂ ಉತ್ತರವಿಲ್ಲ. ಮಗನಿಂದ ಆದದ್ದನ್ನು ಈಗ ತಾಯಿಯಿಂದಲೂ ಅನುಭವಿಸುತ್ತಿದ್ದೇನೆ ಎಂದುಕೊಂಡಿದ್ದೇನೆ. ತಪ್ಪಾಗಿದ್ದರೆ ತಿಳಿಸಿ. ಸರಿಯಾಗಿದ್ದರೆ ಇನ್ನು ಮೇಲೆ ಬರೆಯುವುದಿಲ್ಲ.

*

ನವೆಂಬರ್ ೨

ನನ್ನ ಮಗಳೇ,

ನಿನ್ನ ಎರಡೂ ಕಾಗದ ನನ್ನ ಚೀಲದಲ್ಲೇ ಇವೆ. ಇದನ್ನು ನೆಲಮಾಳಿಗೆಯಲ್ಲಿ, ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಮನೆಯಲ್ಲಿ ನನಗೆ ಕೂತು ಬರೆಯಲು ಜಾಗವಿಲ್ಲ. ಯಾಕೆ ಇಲ್ಲ ಎಂಬುದೇ ಉತ್ತರ ತಡವಾದ ಕಾರಣ.

ಅಕ್ಟೋಬರ್ ಮೊದಲ ವಾರ. ಕೆಲಸ ಮುಗಿಸಿ ಮನೆಯ ಮೆಟ್ಟಿಲು ಹತ್ತಿ ಬಂದರೆ ನನ್ನ ಕೋಣೆಯ ಬಾಗಿಲು ತೆರೆದಿದೆ. ಒಳಗೆ ನನ್ನ ಮಂಚದ ಮೇಲೆ ಒಬ್ಬ ಮುದುಕ ಶೂ ಬಿಚ್ಚಿ ಕೂತಿದ್ದಾನೆ. ಪಕ್ಕದಲ್ಲಿ ಒಂದು ಸೂಟ್‌ಕೇಸು. ಕಾಲಿನ ಹೆಬ್ಬೆರಳು ನೋಡಿ ಗುರುತು ಹಿಡಿದೆ. ನಿನ್ನ ಮಾವ.

ಕೆಳಗಿನ ಮನೆ ಮಾಲೀಕರನ್ನು ಕೇಳಿದೆ, ಕೀ ಯಾಕೆ ಕೊಟ್ಟಿರಿ ಎಂದು. "ಗಂಡ ಅಂದ್ರು, ಮದುವೆ ಫೋಟೋನೂ ತೋರಿಸಿದ್ರು. ಹೆಂಡತಿ ಮನೆಗೆ ಗಂಡ ಬಂದ್ರೆ ಬೇಡ ಅನ್ನೋಕಾಗುತ್ತಾ ಅಮ್ಮ?" ಎಂದರು. ಅವರದೇನೂ ತಪ್ಪಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಗೊತ್ತಿತ್ತು. ಎಲ್ಲಾ ಗೊತ್ತಿತ್ತು.

ನಿನಗೂ ನನ್ನ ಮಗನಿಗೂ ಹೇಳಿದ್ದು ಏನು? ಅವರು ದೂರದ ಬಂದರಿನಲ್ಲಿ ಕೆಲಸದಲ್ಲಿದ್ದಾರೆ, ರಜೆ ಸಿಗುವುದಿಲ್ಲ, ಆಮೇಲೆ ಅಲ್ಲಿನ ಹವೆಯೇ ಆರೋಗ್ಯಕ್ಕೆ ಹೊಂದಿಕೊಂಡಿದೆ ಎಂದಲ್ಲವೇ? ಮಗನಿಗೆ ಏಳು ವರ್ಷವಿದ್ದಾಗ ಹೋದರು. ಮೊದಲ ವರ್ಷ ಎರಡು ಸಲ ಬಂದರು. ಆಮೇಲೆ ಬರಲಿಲ್ಲ. ಜಗಳವಾಗಿರಲಿಲ್ಲ, ಅದೇ ನನ್ನ ಕಷ್ಟ. ಮನೆಯಲ್ಲಿದ್ದಾಗಲೂ ವಾರಗಟ್ಟಲೆ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಡದೆಯೇ ಹೋದರು. ಮೂವತ್ತೊಂದು ವರ್ಷ.

ಮಗ ದಿನಾ ಕೇಳುತ್ತಿದ್ದ, "ಅಪ್ಪ ಯಾಕೆ ಕಾಗದ ಹಾಕಲ್ಲ?" ನಾನು ಏನು ಹೇಳಿದೆ ಗೊತ್ತೇ? "ನಿನ್ನಪ್ಪ ಮಾತಾಡಲ್ಲ ಕಂದ, ಅದಕ್ಕೇ ಪ್ರೀತಿ ಜಾಸ್ತಿ. ಬಾಯಲ್ಲಿ ಹೇಳೋರದು ಬರೀ ಬಾಯಿಮಾತು. ಸುಮ್ಮನಿರೋರ ಪ್ರೀತೀನೇ ನಿಜವಾದ ಪ್ರೀತಿ." ಹುಡುಗನ ಕಣ್ಣೀರು ನಿಲ್ಲಲಿ ಎಂದು ಹೇಳಿದ ಮಾತು. ಕಣ್ಣೀರು ನಿಂತಿತು. ಅವನು ಅದನ್ನು ನಂಬಿ ಬೆಳೆದ. ನಿನ್ನ ನಲವತ್ತೊಂದು ದಿನವನ್ನು ಅವನಿಗೆ ಕಲಿಸಿದವಳು ನಾನು. ಅದನ್ನು ಮಾರ್ಚಿನಲ್ಲೇ ಬರೆಯಬೇಕಿತ್ತು. ಕೈ ಬರಲಿಲ್ಲ, ಅಂಟಿನ ಕಥೆ ಬರೆದೆ.

ಇನ್ನೂ ಒಂದು. ಕತ್ತರಿಸಬೇಡ ಎಂದು ನಿನಗೆ ಹೇಳಿದ್ದು ನಿನ್ನ ಒಳ್ಳೆಯದಕ್ಕೆ ಎಂದು ನಾನೂ ನಂಬಿದ್ದೆ. ಅಲ್ಲ. ನೀನು ಹೋದರೆ ನನಗೆ ಇನ್ನಾರು? ನಿನ್ನ ಸಂಸಾರದ ಬಾಗಿಲನ್ನು ನನಗೋಸ್ಕರ ತೆರೆದಿಡಲು ಹೇಳಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಾನು ಎರಡೂ ಕಾಲವನ್ನು ನನ್ನದೇ ಮಾಡಿಕೊಳ್ಳಲು ಹೊರಟೆ.

ಅವರು ಇಲ್ಲಿಗೆ ಬಂದು ಇಪ್ಪತ್ತಾರು ದಿನವಾಯಿತು. ಉಬ್ಬಸ ಇದೆ. ಬೆಳಿಗ್ಗೆ ತಟ್ಟೆಯ ಮುಂದೆ ಕೂರುತ್ತಾರೆ, ನಾನು ಬಡಿಸುತ್ತೇನೆ, ಏಳುತ್ತಾರೆ. ಎಲ್ಲಿದ್ದಿರಿ ಎಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ನಾನು ಚಾಪೆಯ ಮೇಲೆ ಮಲಗುತ್ತೇನೆ. ಮೂವತ್ತೊಂದು ವರ್ಷ ನನ್ನದಾಗಿದ್ದ ಹತ್ತಡಿ ಕೋಣೆಯಲ್ಲಿ ಈಗ ಕೆಮ್ಮುವುದಕ್ಕೂ ಯೋಚನೆ ಮಾಡುತ್ತೇನೆ.

ನನ್ನ ಮೇಲೆ ಸಿಟ್ಟಿದ್ದರೆ ಬೈದು ಬರೆ. ಸುಮ್ಮನಿರಬೇಡ.

ಅತ್ತೆ

*

ನವೆಂಬರ್ ೧೦

ಅತ್ತೆ,

ಸಿಟ್ಟು ಬಂತು. ಎರಡು ದಿನ ಇತ್ತು. ಅಂಗಡಿಯಲ್ಲಿ ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ಹಾಕಿಬಿಟ್ಟೆ. ಆಮೇಲೆ ನೀವು ಚಾಪೆಯ ಮೇಲೆ ಮಲಗುತ್ತೀರಿ ಎಂಬ ಸಾಲನ್ನು ಮತ್ತೆ ಓದಿದೆ. ಸಿಟ್ಟಿನ ದಿಕ್ಕು ಬದಲಾಯಿತು.

ವಕೀಲರನ್ನು ಕೇಳಿದೆ. ಇಷ್ಟು ವರ್ಷ ಬಿಟ್ಟು ಹೋದದ್ದೇ ಸಾಕಾದ ಕಾರಣವಂತೆ. ನಿಮ್ಮ ಊರಿನಲ್ಲಿ ಅವರ ಸಹಪಾಠಿಯೊಬ್ಬರಿದ್ದಾರೆ, ವಿಳಾಸ ಬೇರೆ ಚೀಟಿಯಲ್ಲಿದೆ. ಸೋಮವಾರವೇ ಹೋಗಿ. ಡೈವೋರ್ಸ್ ಕೇಳಿ ಅತ್ತೆ. ಅರೆಬರೆ ಬೇಡ. ಅರೆಬರೆ ಏನು ಮಾಡುತ್ತದೆ ಎಂದು ನಾನು ನೋಡಿದ್ದೇನೆ. ಅವರು ನಿಮಗೆ ಯಾರೂ ಅಲ್ಲ.

ಪುಟ್ಟಿ ನೀಲಿ ಡೈರಿ ಮುಗಿಸಿದ್ದಾಳೆ, ಇನ್ನೊಂದು ಬೇಕಂತೆ.

ಸೊಸೆ

*

ನವೆಂಬರ್ ೨೩

ಮಗಳೇ,

ಹೋಗಿದ್ದೆ. ವಕೀಲರು ಒಳ್ಳೆಯವರು, ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು. ಅರ್ಜಿ ಹಾಕಿದೆ. ಡೈವೋರ್ಸಿಗಲ್ಲ, ಬೇರೆ ವಾಸಕ್ಕೆ.

ಬೈಯಬೇಡ, ಕೇಳು. ಅವರು ನನಗೆ ಯಾರೂ ಅಲ್ಲ ಎಂದು ನೀನು ಬರೆದೆ. ಅದು ನಿಜವಲ್ಲ. ಮೊದಲ ಮೂರು ವರ್ಷ ನಾವು ಚೆನ್ನಾಗಿದ್ದೆವು. ಬಂದರಿಗೆ ಹೋಗುವ ಮೊದಲು ಅವರು ಪುಸ್ತಕ ಬೈಂಡು ಮಾಡುತ್ತಿದ್ದರು, ನನಗೆ ರಟ್ಟು ಕತ್ತರಿಸುವುದನ್ನು ಕಲಿಸಿದ್ದೇ ಅವರು. ಅದನ್ನು ಅಳಿಸಿಹಾಕುವ ಮನಸ್ಸಿಲ್ಲ. ನನಗೆ ಇನ್ನೊಂದು ಮದುವೆಯಾಗಬೇಕಿಲ್ಲ, ಆ ಎಲೆಕೋಸಿನ ದಿಂಬಿನ ಚೀಲ ನೋಡಿದ ಮೇಲೆ ಯಾರು ಬರುತ್ತಾರೆ? ನಾಳೆ ಅವರು ಆಸ್ಪತ್ರೆ ಸೇರಿದಾಗ "ಇವರ ಕಡೆಯವರು ಯಾರು?" ಎಂದು ಕೂಗಿದರೆ ಏಳಲು ಒಬ್ಬರಿರಲಿ. ಅದಕ್ಕೆ ನಾನು ಸಿದ್ಧ. ಆದರೆ ನನ್ನ ಕೋಣೆಯ ಕೀ ಅವರಿಗೆ ಯಾರೂ ಕೊಡಬಾರದು. ಇಷ್ಟೇ ಬೇಕು, ಅಷ್ಟೇ ಕೇಳಿದ್ದೇನೆ.

ನಿನಗೆ ಅದು ಅರೆಬರೆ, ಏಕೆಂದರೆ ನೀನು ಕಾಯುತ್ತಿದ್ದೆ. ನಾನು ಕಾಯುವುದನ್ನು ಬಿಟ್ಟು ಬಹಳ ವರ್ಷವಾಯಿತು. ನೀನು ಪೂರ್ತಿ ಕತ್ತರಿಸು, ನಿನಗೆ ಅದೇ ಸರಿ. ಇದನ್ನು ಈ ಸಲ ನನಗೋಸ್ಕರ ಹೇಳುತ್ತಿಲ್ಲ.

ಬಂದರಿನ ನಿವೃತ್ತ ಕೆಲಸಗಾರರ ವಸತಿಗೃಹದಲ್ಲಿ ಅವರಿಗೆ ಹಾಸಿಗೆ ಇದೆಯಂತೆ. ಅಲ್ಲಿನ ಊಟ ಸೇರದೆ ಇಲ್ಲಿಗೆ ಬಂದಿದ್ದರು ಎಂದು ವಕೀಲರ ಪತ್ರಕ್ಕೆ ಅವರು ಕೊಟ್ಟ ಉತ್ತರದಿಂದ ತಿಳಿಯಿತು! ಹೋದ ಶುಕ್ರವಾರ ಸೂಟ್‌ಕೇಸು ತೆಗೆದುಕೊಂಡು ಹೋದರು.

ಅತ್ತೆ

*

ಜನವರಿ ೨೦

ಅತ್ತೆ,

ನಿನ್ನೆ ನನ್ನ ಡೈವೋರ್ಸ್ ಆಯಿತು. ಅವರೂ ಒಪ್ಪಿ ಸಹಿ ಹಾಕಿದರು. ಖುಷಿಯಾಗುತ್ತದೆ ಅಂದುಕೊಂಡಿದ್ದೆ, ಹಸಿವಾಯಿತು. ಬೇಕರಿಯಲ್ಲಿ ನಿಂತು ಎರಡು ಬನ್ನು ತಿಂದೆ. ಬೇಕರಿಯಾಕೆಗೆ "ಡೈವೋರ್ಸ್ ಆಯ್ತು" ಎಂದೆ. ಹೇಳುವಾಗ ತಡವರಿಸಲಿಲ್ಲ.

ಕೋರ್ಟಿನ ಮೆಟ್ಟಿಲಲ್ಲಿ ಅವರು ನನ್ನನ್ನು ನಿಲ್ಲಿಸಿದರು. "ಅಮ್ಮ ನಿನಗೆ ಕಾಗದ ಬರೀತಾಳಾ?" ಎಂದರು. ಹೌದು ಎಂದೆ. "ಉದ್ದುದ್ದ ಬರೀತಾಳಾ?" ಹೌದು ಎಂದೆ. "ನನಗೆ ಬರೆಯಲ್ಲ" ಎಂದು ಹೇಳಿ ಇಳಿದು ಹೋದರು. ನಾನು ಇದನ್ನು ಯಾಕೆ ನಿಮಗೆ ತಿಳಿಸುತ್ತಿದ್ದೇನೋ ಗೊತ್ತಿಲ್ಲ. ಮನಸ್ಸಿನಲ್ಲಿ ಇಟ್ಟುಕೊಳ್ಳಲಾಗಲಿಲ್ಲ.

ಕಾನೂನಿನ ಪ್ರಕಾರ ಇವತ್ತಿನಿಂದ ನಿಮ್ಮನ್ನು ಏನೆಂದು ಕರೆಯಬೇಕೋ ವಕೀಲರನ್ನು ಕೇಳಿಲ್ಲ, ಕೇಳುವುದೂ ಇಲ್ಲ.

ನಿಮ್ಮ ಸೊಸೆ

*

ಫೆಬ್ರವರಿ ೧೬

ಪ್ರೀತಿಯ ಸೊಸೆಗೆ,

ಕೋರ್ಟಿನಿಂದ ನನ್ನ ಬೇರೆ ವಾಸದ ಕಾಗದವೂ ಕೈಗೆ ಬಂತು. ಮೊನ್ನೆ ಮಂಗಳವಾರ.

ನ್ಯಾಯಾಧೀಶರು ಚಿಕ್ಕ ವಯಸ್ಸಿನವರು. ನನ್ನ ಕಿವಿಗಾಗಿ ಪಾಪ ಗಂಟಲು ಹರಿದುಕೊಂಡರು. "ಅಜ್ಜೀ, ಇಷ್ಟು ವರ್ಷ ಬೇರೆನೇ ಇದ್ದೀರಲ್ಲ, ಈಗ ಯಾಕೆ ಕಾಗದ?"

ನಾನು ಹೇಳಿದೆ, "ಇಷ್ಟು ವರ್ಷ ಬೇರೆ ಇದ್ದದ್ದು ಅವರ ಇಷ್ಟ ಸ್ವಾಮಿ. ಇನ್ಮೇಲೆ ಬೇರೆ ಇರೋದು ನನ್ನ ಇಷ್ಟ. ಅದಕ್ಕೆ ಕಾಗದ."

ಅವರು ತಲೆ ಬಗ್ಗಿಸಿ ಬಹಳ ಹೊತ್ತು ಬರೆದರು.

ಹೊರಗೆ ನಿನ್ನ ಮಾವ ಕಂಬ ಹಿಡಿದು ನಿಂತಿದ್ದರು. ಮೆಟ್ಟಿಲಿಳಿಯಲು ಉಸಿರು ಸಾಲುತ್ತಿರಲಿಲ್ಲ. ಕೈ ಕೊಟ್ಟೆ. ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದೆ. ಬೆಂಚಿನ ಮೇಲೆ ಕೂತು ಅವರು ಬಾಯಿಬಿಟ್ಟರು. "ಯಾವಾಗಾದ್ರೂ ಬರಬಹುದಾ?"

"ತಟ್ಟಿ ಬನ್ನಿ," ಎಂದೆ. "ತೆಗೆಯೋ ಮನಸ್ಸಿದ್ರೆ ತೆಗೀತೀನಿ."

ತಲೆಯಾಡಿಸಿದರು. ಬಸ್ಸು ಬಂತು. ಹತ್ತಿಸಿ, ಕಿಟಕಿ ಪಕ್ಕದ ಸೀಟು ಕೊಡಿಸಿ ಇಳಿದೆ. ದುಃಖವಾಯಿತೇ ಎಂದರೆ ಆಯಿತು. ಮರಳಿ ಕರೆಯುವಷ್ಟು ಆಗಲಿಲ್ಲ.

ನೀನು ಮೆಟ್ಟಿಲಿನ ಮಾತು ಬರೆದ ಕಾಗದ ಬಂದ ದಿನವೇ ನಿನ್ನ ಪುಟ್ಟಿಯ ಅಪ್ಪನಿಗೆ ನಾನು ಕಾಗದ ಬರೆದೆ. ಹನ್ನೊಂದು ಪುಟ. ಅವನ ಅಪ್ಪ ಎಲ್ಲಿದ್ದರು, ನಾನು ಏನೇನು ಸುಳ್ಳು ಹೇಳಿದೆ, ಸುಮ್ಮನಿರುವವರ ಪ್ರೀತಿ ಎಂಬ ಆ ಹಾಳು ಮಾತು ಎಲ್ಲಿಂದ ಬಂತು, ಎಲ್ಲವನ್ನೂ. ಮೂರು ವಾರ ಉತ್ತರವಿರಲಿಲ್ಲ. ನಿನ್ನೆ ಬೆಳಿಗ್ಗೆ ಅವನೇ ಬಂದ. ಆ ಹನ್ನೊಂದು ಪುಟವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ನನ್ನ ಎದುರು ಕೂತ. ಗೋಡೆ ನೋಡಿದ, ನೆಲ ನೋಡಿದ. ಒಂದು ಗಂಟೆಯಾಯಿತು. ನಾನು ತಡೆಯಲಾರದೆ ಹೇಳಿದೆ, "ಬೈಯೋದಾದ್ರೆ ಬೈಯೋ. ಸುಮ್ಮನೆ ಎದ್ದು ಹೋದ್ರೆ ಮಾತ್ರ ನಿನ್ನ ಮೇಲೂ ಒಂದು ಕಾಗದ ಮಾಡಿಸ್ತೀನಿ."

ನಗು ಬಂತು ಅವನಿಗೆ, ಅದರ ಹಿಂದೆಯೇ ಅಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ, "ನಾನು ದಿನಾ ಸ್ಕೂಲಿಂದ ಬಂದು ಕಿಟಕೀಲಿ ನಿಂತ್ಕೋತಿದ್ದೆ ಅಮ್ಮ. ಅಪ್ಪ ಬರಲ್ಲ ಅಂತ ನಂಗೆ ಗೊತ್ತಿತ್ತು. ನಿನಗೆ ಗೊತ್ತಿಲ್ಲ ಅಂದ್ಕೊಂಡು ಸುಮ್ಮನಿದ್ದೆ."

ನೋಡು, ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಾ ಕೂತಿದ್ದೆವು. ಅದಕ್ಕೆ ನೀನು ಬೆಲೆ ತೆತ್ತೆ.

ಅವನ ಪರವಾಗಿ ನಿನ್ನಲ್ಲಿ ಏನನ್ನೂ ಕೇಳುತ್ತಿಲ್ಲ. ನೀನು ಮಾಡಿದ್ದು ಸರಿ, ಅದು ಹಾಗೇ ಇರಲಿ. ಪುಟ್ಟಿಗೆ ಮಾತ್ರ ಅವನು ಏನೋ ಹೇಳಬೇಕೆಂದಿದ್ದಾನೆ. ಹೇಗೆ ಶುರು ಮಾಡಲಿ ಎಂದು ಕೇಳಿದ. "ತಪ್ಪಾಯ್ತು ಅಂತ ಶುರು ಮಾಡು, ಮಿಕ್ಕಿದ್ದು ಮಗುವೇ ಕೇಳುತ್ತೆ" ಎಂದೆ. ಬರುವ ಭಾನುವಾರ ಬರುತ್ತಾನೆ. ಹೇಳಿದರೆ ಪುಟ್ಟಿ ಕೇಳಿಸಿಕೊಳ್ಳಲಿ. ಹೇಳದಿದ್ದರೆ ನೀನು ಬರೆಸಿದಂತೆ ನಡೆಸು.

ಸಂಜೆ ಅವನನ್ನು ಕಳಿಸಿ, ಚಿಲಕ ಹಾಕಿ, ಇಷ್ಟು ದಿನ ಹಾಸಿಯೇ ಇದ್ದ ಚಾಪೆಯನ್ನು ಸುತ್ತಿ ಮಂಚದ ಕೆಳಗೆ ತಳ್ಳಿದೆ. ತಟ್ಟೆ ಹಾಕಿಕೊಂಡು ಒಬ್ಬಳೇ ಕೂತೆ. ಎರಡನೆಯ ಸಲವೂ ಬಡಿಸಿಕೊಂಡೆ.

ನಿನ್ನ ಅತ್ತೆ